377 ಹೋಯ್ತು ಸರಿ, ಆದ್ರೆ ಕಾನೂನಿನ ಲೆಕ್ಕದಲ್ಲಿ ನಾವಿಬ್ರೂ ಒಬ್ಬರಿಗೊಬ್ಬರು ಏನೂ ಅಲ್ಲ. ಈಗ ಏನ್ ಮಾಡ್ಬಹುದು?

ಮಲ್ಲಿಗೆಮೊಗ್ಗು
ಎಲ್ರಿಗೂ ನಮಸ್ಕಾರ. ನಾನು, ನನ್ನ ಪಾರ್ಟ್ನರ್ ಇಬ್ರೂ ಹೆಂಗಸ್ರು, ಬೆಂಗ್ಳೂರಲ್ಲಿ ತುಂಬಾ ವರ್ಷದಿಂದ ಒಟ್ಟಿಗೆ ಸಂಸಾರ ಮಾಡ್ಕೊಂಡಿದೀವಿ. ಫ್ಲ್ಯಾಟ್ ಇಬ್ರ ಹೆಸ್ರಲ್ಲಿದೆ, ಇಎಂಐ ಇಬ್ರೂ ಕಟ್ತೀವಿ, ಅವಳ ಅಪ್ಪ ಅಮ್ಮ ಮಾತು ಬಿಟ್ಟಿದಾರೆ, ನಮ್ಮಮ್ಮ ಬಂದು ಹೋಗಿ ಮಾಡ್ತಾರೆ. ಮೊನ್ನೆ ಅವಳಿಗೆ ಗರ್ಭಕೋಶದ ಆಪರೇಷನ್ ಇತ್ತು. ಅಡ್ಮಿಷನ್ ಕೌಂಟರಲ್ಲಿ ‘ಪೇಶೆಂಟಿಗೆ ನೀವೇನಾಗ್ಬೇಕು’ ಅಂದ್ರು, ಫ್ರೆಂಡ್ ಅಂದೆ, ಫ್ರೆಂಡ್ ಸೈನ್ ನಡೆಯಲ್ಲ ಮನೆಯವ್ರನ್ನ ಕರ್ಸಿ ಅಂದ್ರು. ಕೊನೆಗೆ ಅವಳ ತಮ್ಮ ಚಿಕ್ಕಮಗಳೂರಿಂದ ರಾತ್ರೋರಾತ್ರಿ ಬಸ್ ಹತ್ತಿ ಬಂದು ಸೈನ್ ಹಾಕ್ದ, ಪುಣ್ಯಾತ್ಮ. ಅವನು ಬರ್ದೇ ಇದ್ದಿದ್ರೆ?
2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಒಪ್ಪಿಗೆ ಇರೋ ಸಲಿಂಗ ಸಂಬಂಧನ ಐಪಿಸಿ 377ನೇ ಸೆಕ್ಷನ್ನಿಂದ ತೆಗೆದಾಗ ಇನ್ನು ಹೆದ್ರೋದೇನಿಲ್ಲ ಅಂದ್ಕೊಂಡಿದ್ವಿ. 2023ರ ಅಕ್ಟೋಬರ್ 17ಕ್ಕೆ, ಸಲಿಂಗ ಮದುವೆಗೆ ಮಾನ್ಯತೆ ಕೇಳಿದ್ದ ಸುಪ್ರಿಯೋ ಕೇಸಲ್ಲಿ ಮದುವೆ ಮೂಲಭೂತ ಹಕ್ಕಲ್ಲ, ಬೇಕಾದ್ರೆ ಪಾರ್ಲಿಮೆಂಟು ಮಾಡ್ಲಿ ಅಂತ ಐದೂ ಜಡ್ಜುಗಳು ಹೇಳಿದ್ರು, 2025ರ ಜನವರೀಲಿ ರಿವ್ಯೂ ಅರ್ಜಿನೂ ಬಿತ್ತು. ಅಂದ್ರೆ ನಾವು ಅಪರಾಧಿಗಳಲ್ಲ, ಅಷ್ಟೇ. ಫ್ಲ್ಯಾಟು, ಆಸ್ಪತ್ರೆ, ದುಡ್ಡು, ಈ ಮೂರಕ್ಕೆ ಇವತ್ತಿನ ಕಾನೂನಲ್ಲೇ ಏನಾದ್ರೂ ದಾರಿ ಇದ್ಯಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಧಾರವಾಡದ_ವಕೀಲಿ
ತಂಗಿ, ಮೊದ್ಲ ದವಾಖಾನಿ ವಿಷಯ. ಎಚ್ಚರ ಇರೋ, ವಯಸ್ಸಿಗೆ ಬಂದ ಪೇಶಂಟ್ ತನ್ನ ಆಪರೇಷನ್ನಿಗೆ ತಾನ ಸೈನ್ ಮಾಡಿದ್ರ ಸಾಕು. 2008ರಾಗ ಸಮೀರಾ ಕೊಹ್ಲಿ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಇದನ್ನ ಸಾಫ್ ಹೇಳೇತಿ, ಅದೂ ಗರ್ಭಕೋಶದ ಆಪರೇಷನ್ನ, ಪೇಶಂಟ್‌ಗೆ ಅರಿವಳಿಕೆ ಕೊಟ್ಟಾಗ ಆಕಿ ತಾಯಿ ಹೂಂ ಅಂದದ್ದು ಒಪ್ಪಿಗಿ ಆಗೂದಿಲ್ಲ ಅಂದ್ರು. ಮನಿಯವ್ರ ಸೈನ್ ಕೇಳೂದು ದವಾಖಾನಿಯವ್ರು ನಾಳೆ ಗದ್ದಲ ಆಗಬಾರ್ದು ಅಂತ ಮಾಡ್ಕೊಂಡ ರೂಢಿ. ಮುಂದಿನ ಸಲ ‘ಪೇಶಂಟ್ ಸೈನ್ ಮಾಡ್ಯಾಳ, ಸಾಲೂದಿಲ್ಲ ಅಂದ್ರ ಕಾರಣ ಬರದು ಕೊಡ್ರಿ’ ಅನ್ರಿ. ಬರದು ಕೊಡ್ರಿ ಅಂದ ಕೂಡ್ಲೆ ಭಾಳ ಮಂದಿ ಮೆತ್ತಗ ಆಗ್ತಾರ.
ಎಚ್ಚರ ತಪ್ಪಿದಾಗ ಯಾರು ಮಾತಾಡಬೇಕು ಅನ್ನೂದ ಕಷ್ಟದ್ದು. ಜೀವ ಉಳಿಯೂ ಆಸೆ ಇಲ್ಲದ ಸ್ಥಿತಿ ಬಂದ್ರ ಅಂತ ಮುಂಚೇನ ಬರದಿಡೂ ಪತ್ರ ಐತಿ, ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್ ಅಂತಾರ. ಇಬ್ಬರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಮುಂದ ಸಹಿ, ಇಷ್ಟು ಬೇಕು. 2025ರ ಜನವರಿಯಾಗ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದ್ರ ಬಗ್ಗೆ ಆದೇಶ ಹೊರಡಿಸೇತಿ. ನಿಮ್ಮ ಪರವಾಗಿ ಮಾತಾಡೋರ ಹೆಸರು ಇದ್ರಾಗ ಬರೀಬೇಕು, ಒಬ್ಬರಕಿಂತ ಹೆಚ್ಚು ಮಂದಿದು. ಇಬ್ಬರೂ ಒಬ್ಬರ ಹೆಸರು ಒಬ್ಬರು ಬರ್ಕೊಳ್ರಿ, ಎರಡನೇ ಹೆಸರಿಗೆ ಆ ತಮ್ಮ ಇದ್ದಾನಲ್ಲ. ಮಾನಸಿಕ ಆರೋಗ್ಯಕ್ಕ ಇನ್ನೂ ಸಸಾರ, 2017ರ ಕಾಯ್ದೆಯ 14ನೇ ಸೆಕ್ಷನ್ನಿನ್ಯಾಗ ವಯಸ್ಕರು ಯಾರನ್ನ ಬೇಕಾದ್ರೂ ತಮ್ಮ ಪ್ರತಿನಿಧಿ ಅಂತ ಬಿಳಿ ಹಾಳಿ ಮ್ಯಾಲೆ ಬರದು ಸಹಿ ಮಾಡಬಹುದು, ರಕ್ತಸಂಬಂಧ ಬೇಕಂತ ಇಲ್ಲ. ಇದು ಭಾಳ ಮಂದಿಗೆ ಗೊತ್ತಿಲ್ಲ.
ಈಗ ಫ್ಲ್ಯಾಟ್. ವಿಲ್ ಬರೀಲಿಲ್ಲ ಅಂದ್ರ ಏನಾಗ್ತದ ಕೇಳ್ರಿ. ಮದುವಿ ಆಗದ, ಮಕ್ಕಳಿಲ್ಲದ ಹಿಂದೂ ಹೆಣ್ಮಗಳು ತೀರ್ಕೊಂಡ್ರ ಆಕಿ ಗಳಿಸಿದ ಆಸ್ತಿ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ತಂದಿ ತಾಯಿಗೆ, ಅವ್ರಿಲ್ಲ ಅಂದ್ರ ತಂದಿ ಕಡಿ ವಾರಸುದಾರರಿಗೆ. ಅಂದ್ರ ನಿಮ್ಮ ಗೆಳತಿ ಜೋಡಿ ಮಾತು ಬಿಟ್ಟ ತಂದಿ ತಾಯಿ ನಾಳೆ ವಂಶವೃಕ್ಷ ಮಾಡಿಸ್ಕೊಂಡು ಬಂದು ಅರ್ಧ ಮನಿ ನಮ್ದು, ಮಾರ್ರಿ, ಪಾಲು ಕೊಡ್ರಿ ಅನ್ನಬಹುದು. ವಂಶವೃಕ್ಷದಾಗ ನಿಮ್ಮ ಹೆಸರು ಎಲ್ಲೂ ಇರೂದಿಲ್ಲ. ಅದಕ್ಕ ಇದೇ ವಾರ ಇಬ್ಬರೂ ಬ್ಯಾರೆ ಬ್ಯಾರೆ ವಿಲ್ ಬರೀರಿ. ಸ್ಟ್ಯಾಂಪ್ ಬ್ಯಾಡ, ರಿಜಿಸ್ಟ್ರಿ ಕಡ್ಡಾಯ ಅಲ್ಲ, ಆದ್ರೂ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಮಾಡಿಸ್ರಿ, ನಿಮ್ಮಂಥವ್ರ ವಿಲ್ ಮ್ಯಾಲೆ ತಕರಾರು ಬರೂದು ಹೆಚ್ಚು. ಇಬ್ಬರು ಸಾಕ್ಷಿ ನಿಮಗಿಂತ ಸಣ್ಣ ವಯಸ್ಸಿನವ್ರು ಇರ್ಲಿ, ಆಸ್ತಿ ಯಾರಿಗೆ ಹೋಗ್ತದೋ ಅವ್ರು ಸಾಕ್ಷಿ ಹಾಕೂದು ಬ್ಯಾಡ.

ಲೆಡ್ಜರ್_ಲಲಿತಾ
ನಾನು ಬ್ಯಾಂಕಲ್ಲಿ ಕೆಲ್ಸ ಮಾಡೋದು, ದುಡ್ಡಿನ ವಿಷಯ ನಾನು ಹೇಳ್ತೀನಿ. ಸುಪ್ರಿಯೋ ತೀರ್ಪಾದ್ಮೇಲೆ ಕೇಂದ್ರ ಸರ್ಕಾರ ಕ್ಯಾಬಿನೆಟ್ ಸೆಕ್ರೆಟರಿ ಕೆಳಗೆ ಒಂದು ಕಮಿಟಿ ಮಾಡ್ತಲ್ಲ, ಅದರಿಂದ 2024ರ ಆಗಸ್ಟ್ 28ಕ್ಕೆ ಹಣಕಾಸು ಸೇವಾ ಇಲಾಖೆ ಒಂದು ಸ್ಪಷ್ಟೀಕರಣ ಕೊಡ್ತು: ಇಂಥ ಜೋಡಿಗಳು ಜಾಯಿಂಟ್ ಅಕೌಂಟ್ ತೆಗೆಯೋಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋಕೆ ಯಾವ ಅಡ್ಡಿನೂ ಇಲ್ಲ ಅಂತ. ಕೌಂಟರಲ್ಲಿ ತಕರಾರು ತೆಗೆದ್ರೆ ಈ ತಾರೀಖು ಹೇಳಿ, ಮ್ಯಾನೇಜರ್ ಹತ್ರ ಹೋಗಿ. ಜಾಯಿಂಟ್ ಅಕೌಂಟನ್ನ ‘ಐದರ್ ಆರ್ ಸರ್ವೈವರ್’ ಅಂತ, ಅಂದ್ರೆ ಇಬ್ರಲ್ಲಿ ಯಾರಾದ್ರೂ, ಒಬ್ರು ಹೋದ್ರೆ ಉಳಿದವ್ರು ನಡೆಸೋ ಹಾಗೆ ಮಾಡ್ಸಿ.
ಆದ್ರೆ ಒಂದು ಮಾತು ಎಲ್ಲರೂ ಮರೀತಾರೆ. ನಾಮಿನಿ ಅಂದ್ರೆ ವಾರಸುದಾರ ಅಲ್ಲ, ದುಡ್ಡು ಇಸ್ಕೊಳ್ಳೋನು ಮಾತ್ರ, ಆಮೇಲೆ ಹಕ್ಕುದಾರರು ಬಂದು ಕೇಳಿದ್ರೆ ಕೊಡ್ಬೇಕು. ಶೇರು, ಮ್ಯೂಚುವಲ್ ಫಂಡ್ ಎಲ್ಲಾ ಹೀಗೇನೆ, ಶಕ್ತಿ ಯಜ್ದಾನಿ ಕೇಸಲ್ಲಿ 2023ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ಶೂರೆನ್ಸಲ್ಲಿ 2015ರ ತಿದ್ದುಪಡಿ ಆದ್ಮೇಲೆ ಅಪ್ಪ ಅಮ್ಮ, ಗಂಡ ಹೆಂಡ್ತಿ, ಮಕ್ಕಳು ನಾಮಿನಿ ಆದ್ರೆ ಆ ದುಡ್ಡು ಅವರದ್ದೇ. ಪಾರ್ಟ್ನರ್ ಆದ್ರೆ ಇಲ್ಲ. ಪಿಎಫ್‌ನಲ್ಲಿ ‘ಕುಟುಂಬ’ ಇದ್ದವ್ರು ಹೊರಗಿನವರನ್ನ ನಾಮಿನಿ ಮಾಡಿದ್ರೆ ಅದು ನಡೆಯಲ್ಲ. ಹಾಗಾಗಿ ಅಕ್ಕ ಹೇಳಿದ ವಿಲ್ಲಲ್ಲಿ ಪ್ರತಿಯೊಂದು ಅಕೌಂಟು, ಪಾಲಿಸಿ, ಫೋಲಿಯೋ ನಂಬರ್ ಸಮೇತ ಬರೀರಿ.
ಟ್ಯಾಕ್ಸ್ ಬೇರೆ. ಗಂಡ ಹೆಂಡ್ತಿಗೆ ಹತ್ತು ಲಕ್ಷ ಕೊಟ್ರೂ ಅದು ಗಿಫ್ಟು, ಟ್ಯಾಕ್ಸ್ ಇಲ್ಲ. ನಿಮ್ಮಿಬ್ಬರ ಮಧ್ಯೆ ವರ್ಷಕ್ಕೆ 50,000 ದಾಟಿದ್ರೆ ಪೂರ್ತಿ ಮೊತ್ತ ಇಸ್ಕೊಂಡವ್ರ ಆದಾಯ. ಫ್ಲ್ಯಾಟಿನ ಪಾಲು ದಾನಪತ್ರ ಮಾಡೋದಕ್ಕೂ ಹಾಗೇ, ನಮ್ ರಾಜ್ಯದಲ್ಲಿ ಮನೆಯವರೊಳಗೆ ಆದ್ರೆ ಕೆಲವೇ ಸಾವಿರ ಫಿಕ್ಸೆಡ್ ಡ್ಯೂಟಿ, ಹೊರಗಿನವ್ರಿಗಾದ್ರೆ ಮಾರ್ಕೆಟ್ ವ್ಯಾಲ್ಯೂ ಮೇಲೆ ಪೂರ್ತಿ. ವಿಲ್ ಮೂಲಕ ಬಂದ್ರೆ ಮಾತ್ರ ಈ ಎರಡೂ ಹೊರೆ ಇಲ್ಲ.

ಹಳೇಮೈಸೂರಿನ_ಮೇಷ್ಟ್ರು
ನಿಮ್ಮ ಕಷ್ಟ ಓದಿ ಬೇಜಾರಾಯ್ತು ತಾಯಿ, ಅದು ಸುಳ್ಳಲ್ಲ. ಆದ್ರೆ ಮೇಲೆ ಇಬ್ರೂ ಹೇಳಿದ್ ನೋಡಿದ್ರೆ ವಿಲ್ಲು, ನಾಮಿನಿ, ಜಾಯಿಂಟ್ ಅಕೌಂಟು ಎಲ್ಲಾ ಇದೆ. ಮತ್ತೆ ಮದುವೆ ಕಾನೂನನ್ನೇ ಬದಲಾಯಿಸಬೇಕು ಅನ್ನೋ ಹಟ ಯಾಕೆ? ಮದುವೆ ಅನ್ನೋದು ಜನರ ನಂಬಿಕೆ, ಮೊದ್ಲು ಸಮಾಜ ಒಪ್ಪಲಿ, ಕಾನೂನು ಆಮೇಲೆ ತಾನಾಗೇ ಬರುತ್ತೆ. ಜನ ಒಪ್ಪದ ಕಾನೂನು ಮಾಡಿದ್ರೆ ಕಾಗದದ ಮೇಲೆ ಉಳಿಯುತ್ತೆ, ಅಷ್ಟೇ. ನಾನು ಯಾರನ್ನೂ ಹೀಯಾಳಿಸೋಕೆ ಬರೀತಿಲ್ಲ, ನಿಜವಾಗ್ಲೂ ಕೇಳ್ತಿದೀನಿ.

ಕನ್ನಂಬಾಡಿ
ಮೇಷ್ಟ್ರೇ, ನೀವು ಮೈಸೂರಿನವ್ರಾದ್ರಿಂದ ಮೈಸೂರಿಂದೇ ಹೇಳ್ತೀನಿ, ನಾನು ಕಾಲೇಜಲ್ಲಿ ಇತಿಹಾಸ ಪಾಠ ಮಾಡೋನು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ, ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗೀರನ್ನ ಮದುವೆ ಆಗೋದು, ಇದನ್ನೆಲ್ಲ ತಡೆಯೋಕೆ ರೆಗ್ಯುಲೇಷನ್ ತಂತು, ಆವಾಗ ಸಮಾಜ ಎಲ್ಲಿ ಒಪ್ಪಿತ್ತು ಹೇಳಿ, ದೊಡ್ಡ ದೊಡ್ಡವ್ರೇ ಶಾಸ್ತ್ರ ಹಿಡ್ಕೊಂಡು ವಿರೋಧ ಮಾಡಿದ್ರು. 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಮಾಡಿ ವಿಧವೆಗೆ, ತಾಯಿಗೆ, ಮದುವೆ ಆಗದ ಮಗಳಿಗೆ ಪಾಲು ಕೊಟ್ರು, ಬ್ರಿಟಿಷ್ ಇಂಡಿಯಾದವ್ರು ವಿಧವೆಯರ ಬಗ್ಗೆ ಕಾಯ್ದೆ ಮಾಡಿದ್ದು 1937ಕ್ಕೆ. ಇನ್ನೂ ಹತ್ತಿರಕ್ಕೆ ಬನ್ನಿ. ಮಗಳಿಗೂ ಮಗನ ಹಾಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಅಂತ ಕೇಂದ್ರ ತಂದಿದ್ದು 2005ರಲ್ಲಿ. ನಮ್ಮ ಕರ್ನಾಟಕ ಅದೇ ಕೇಂದ್ರದ ಕಾಯ್ದೆಗೆ ತನ್ನ ತಿದ್ದುಪಡಿ ಸೇರಿಸಿ 1994ರ ಜುಲೈ 30ರಿಂದಲೇ ಜಾರಿ ಮಾಡಿತ್ತು. ಅದಕ್ಕೆ ಮುಂಚೆ ಮದುವೆ ಆದ ಹೆಣ್ಣುಮಕ್ಕಳನ್ನ ಹೊರಗಿಟ್ಟಿದ್ದು ದೊಡ್ಡ ಕೊರತೆ, ಆದ್ರೂ ಹನ್ನೊಂದು ವರ್ಷ ಮುಂದಿತ್ತು.
ಇದನ್ನ ಯಾಕೆ ಹೇಳ್ದೆ ಅಂದ್ರೆ, ಮದುವೆ, ಉತ್ತರಾಧಿಕಾರ ಎಲ್ಲಾ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯನೂ ಕಾನೂನು ಮಾಡ್ಬಹುದು, ಕೇಂದ್ರದ ಕಾಯ್ದೆಗೆ ವಿರುದ್ಧ ಬಂದ್ರೆ ರಾಷ್ಟ್ರಪತಿ ಅಂಕಿತ ಬೇಕು. ತಮಿಳುನಾಡು 1967ರಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ ಹಿಂದೂ ವಿವಾಹ ಕಾಯ್ದೆಯಲ್ಲೇ 7ಎ ಅಂತ ಸೇರಿಸಿಕೊಳ್ತು. ಹಾಗಾಗಿ ‘ಪಾರ್ಲಿಮೆಂಟು ಮಾಡ್ಲಿ’ ಅಂತ ಕೈಕಟ್ಟಿ ಕೂರೋ ಅಗತ್ಯ ವಿಧಾನಸೌಧಕ್ಕೆ ಇಲ್ಲ.

ಮಲ್ಲಿಗೆಮೊಗ್ಗು
ಮೇಷ್ಟ್ರೇ, ಕೇಳಿದ್ದಕ್ಕೆ ಬೇಜಾರಿಲ್ಲ. ನಾನು ಕೆಲ್ಸದಲ್ಲಿದೀನಿ, ಇಂಗ್ಲಿಷ್ ಬರುತ್ತೆ, ಲಾಯರ್‌ಗೆ ಕೊಡೋಕೆ ದುಡ್ಡಿದೆ, ಆದ್ರಿಂದ ವಿಲ್ಲು ಪತ್ರ ಎಲ್ಲಾ ಮಾಡ್ಸ್ತೀನಿ. ಗಾರ್ಮೆಂಟ್ಸಲ್ಲಿ ದುಡಿಯೋ ಇಬ್ರು ಹುಡುಗೀರು ಒಂದು ರೂಮಲ್ಲಿ ಸಂಸಾರ ಮಾಡ್ಕೊಂಡಿರ್ತಾರೆ, ಅವ್ರು ನೋಟರಿ, ಗೆಜೆಟೆಡ್ ಆಫೀಸರ್ ಅಂತ ಎಲ್ಲಿ ಅಲೀತಾರೆ? ಗಂಡ ಹೆಂಡ್ತಿಗೆ ಒಂದು ಸರ್ಟಿಫಿಕೇಟಿಂದ ಬರೋದು ನಮಗೆ ಇಪ್ಪತ್ತು ಪತ್ರ ಮಾಡ್ಸಿದ್ರೂ ಪೂರ್ತಿ ಬರಲ್ಲ. ಮಗು ದತ್ತು ತಗೊಳ್ಬೇಕು ಅಂದ್ರೆ ಜೋಡಿಯಾಗಿ ಆಗಲ್ಲ, ನಮ್ಮಲ್ಲೊಬ್ರು ಒಂಟಿ ಹೆಂಗಸು ಅಂತ ಅರ್ಜಿ ಹಾಕ್ಬೇಕು. ಇನ್ನೊಬ್ಬಳು ಆ ಮಗುನ ದಿನಾ ಸ್ಕೂಲಿಗೆ ಬಿಟ್ರೂ ಕಾನೂನಿಗೆ ಯಾರೋ ದಾರೀಲಿ ಹೋಗೋರು. ಇದು ನನ್ನ ಹಟ ಅಲ್ಲ ಸರ್.

ಎಡೆದೊರೆ_ಚಂದ್ರಿ
ಓದ್ಕೋತ ಬಂದೆ, ನನ್ನದೂ ಎರಡು ಮಾತು ಅದ. ನಾನು ರಾಯಚೂರು ಕಡೀಯಾಕಿ, ಟ್ರಾನ್ಸ್ ಹೆಣ್ಮಗಳು. ನೀವು ಕಾನೂನು ನಮ್ಮನ್ನ ಕಾಣೂದಿಲ್ಲ ಅಂತೀರಿ, ನಮ್ಮನ್ನ ಕಾನೂನು ಭಾಳ ಹಿಂದಿನಿಂದ ಕಂಡದ, ಕಳ್ಳರ ಪಟ್ಟಿಯೊಳಗ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯೊಳಗ ನಮಗಂತ ಒಂದು ಭಾಗ ಇತ್ತು. ಆಮ್ಯಾಲೆ ಹೈದರಾಬಾದ್ ನಿಜಾಮರು 1329 ಫಸ್ಲಿ ಅಂದ್ರ 1919ರ ಹೊತ್ತಿಗೆ ಒಂದು ಕಾಯ್ದೆ ಮಾಡಿದ್ರು, ಆವಾಗ ರಾಯಚೂರು, ಕಲಬುರಗಿ, ಬೀದರ ಎಲ್ಲಾ ಆ ರಾಜ್ಯದಾಗ ಇದ್ದವು. ನಮ್ಮವ್ರ ಹೆಸರು ರಿಜಿಸ್ಟರ್ ಮಾಡಬೇಕು, ಸೀರಿ ಉಟ್ಟು, ಬಳಿ ತೊಟ್ಟು, ರಸ್ತಾದಾಗ ಹಾಡಿ ಕುಣಿದ್ರ ವಾರಂಟ್ ಇಲ್ದ ಹಿಡಿಯೂದು, ಎರಡು ವರ್ಷದ ತನ ಜೈಲು. ಆ ಕಾಯ್ದೆ ಸತ್ತದ್ದು ಯಾವಾಗ ಗೊತ್ತೇನು, 2023ರ ಜುಲೈದಾಗ, ತೆಲಂಗಾಣ ಹೈಕೋರ್ಟಿನ್ಯಾಗ!
ನಮ್ಮ ಕರ್ನಾಟಕನೂ ಕಮ್ಮಿ ಇಲ್ಲ. 2011ರಾಗ ಪೊಲೀಸ್ ಕಾಯ್ದೆಗೆ 36ಎ ಅಂತ ಹೊಸದಾಗಿ ಸೇರಿಸಿದ್ರು, ನಮ್ಮವ್ರ ಹೆಸರು ವಿಳಾಸದ ರಿಜಿಸ್ಟರ್ ಇಡಾಕ ಕಮಿಷನರಿಗೆ ಅಧಿಕಾರ ಕೊಟ್ಟು. ಓದಿದ್ರ 1871ರದ್ದ ನಕಲು ಅನಿಸ್ತದ. ಕೇಸ್ ಹಾಕಿದ ಮ್ಯಾಲೆ ಸರ್ಕಾರ ಏನ್ ಮಾಡ್ತು, ನಮ್ಮನ್ನ ಕರೆಯೋ ಆ ಪದ ತಗದು ‘ವ್ಯಕ್ತಿಗಳು’ ಅಂತ ಹಾಕ್ತು, ಸೆಕ್ಷನ್ ತಗೀಲಿಲ್ಲ.
ಇನ್ನ ಕುಟುಂಬದ ಮಾತು. ನನಗ ಮನಿ ಅಂದ್ರ ನನ್ನ ಗುರು. ಹದಿನಾರಕ್ಕ ಮನಿ ಬಿಟ್ಟಾಗ ಅನ್ನ ಹಾಕಿದಾಕಿ ಆಕಿ, ಜ್ವರ ಬಂದ್ರ ನೋಡಿದಾಕಿ ಆಕಿ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಮಾಡಿದಾಗ ಕುಟುಂಬ ಅಂದ್ರ ರಕ್ತ, ಮದುವಿ, ದತ್ತು ಈ ಮೂರ ಅಂತ ಬರದ್ರು. ತಂದಿ ತಾಯಿ ನೋಡ್ಕೊಳಾಕ ಆಗಲಿಲ್ಲ ಅಂದ್ರ ಕೋರ್ಟ್ ಪುನರ್ವಸತಿ ಕೇಂದ್ರಕ್ಕ ಕಳಸ್ತದಂತ. ಗುರು ಮನಿ ಅನ್ನೂದು ಅದ್ರಾಗ ಇಲ್ಲಾ ಇಲ್ಲ. ನನ್ನ ಗುರು ತೀರ್ಕೊಂಡ್ರ ಆಕಿ ಹೆಣ ತಗೊಳಾಕ ಮೂವತ್ತು ವರ್ಷ ಮಾರಿ ನೋಡದ ಅಣ್ಣಂದಿರಿಗೆ ಹಕ್ಕು ಅದ, ನನಗಿಲ್ಲ. ಮದುವಿ ಹಕ್ಕು ಬೇಕು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಮದುವಿ ಬಂದ್ರೂ ನನ್ನ ಮನಿ ಮನಿ ಆಗೂದಿಲ್ಲ, ಇದನ್ನೂ ನೀವು ನೆನಪಿಟ್ಟು ಕೇಳ್ರಿ.

ಧಾರವಾಡದ_ವಕೀಲಿ
ಚಂದ್ರಕ್ಕಾ, ನೀವು ಹೇಳಿದ್ದು ಈ ಚರ್ಚೆಯಾಗ ಎಲ್ಲಾರಕಿಂತ ದೊಡ್ಡ ಮಾತು. ಮದ್ರಾಸ್ ಹೈಕೋರ್ಟ್ ಆ ದಾರಿಯಾಗ ಸ್ವಲ್ಪ ನಡದೇತಿ. 2023ರ ನವೆಂಬರದಾಗ ಜಸ್ಟಿಸ್ ಆನಂದ್ ವೆಂಕಟೇಶ್ ಅವರು ‘ಡೀಡ್ ಆಫ್ ಫ್ಯಾಮಿಲಿಯಲ್ ಅಸೋಸಿಯೇಷನ್’ ಅಂತ ಒಂದು ರಿಜಿಸ್ಟರ್ ಪತ್ರದ ಬಗ್ಗೆ ತಮಿಳುನಾಡು ಸರ್ಕಾರ ವಿಚಾರ ಮಾಡ್ಲಿ ಅಂದ್ರು. 2025ರ ಮೇದಾಗ ಅದೇ ಕೋರ್ಟಿನ ಇಬ್ಬರು ಜಡ್ಜ್‌ಗಳ ಪೀಠ, ಮನಿಯವ್ರು ಕೂಡಿಹಾಕಿದ್ದ ಹುಡುಗಿನ ಆಕಿ ಗೆಳತಿ ಜೋಡಿ ಕಳಿಸಿ, ಕುಟುಂಬ ಕಟ್ಟಾಕ ಮದುವಿ ಒಂದ ದಾರಿ ಅಲ್ಲ ಅಂತು. ಗುರು ಚೇಲಾ ಸಂಬಂಧನೂ ಇಂಥ ಪತ್ರದಾಗ ಬರೂವಂಗ ನಾವು ಕೇಳಬೇಕು.
ಇನ್ನೊಂದು ತೂತು ಹೇಳ್ತೀನಿ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಾಗ 377 ಪೂರಾ ಇಲ್ಲ. 2018ರ ತೀರ್ಪು ಒಪ್ಪಿಗಿ ಇಲ್ಲದ್ದನ್ನ ಅಪರಾಧ ಅಂತ ಉಳಿಸಿತ್ತು, ಈಗ ಗಂಡಸಿನ ಮ್ಯಾಲೆ ಗಂಡಸು ಅತ್ಯಾಚಾರ ಮಾಡಿದ್ರ ಹಾಕಾಕ ಸರಿಯಾದ ಸೆಕ್ಷನ್ನ ಇಲ್ಲ. ಟ್ರಾನ್ಸ್ ಮಂದಿ ಮ್ಯಾಲಿನ ಲೈಂಗಿಕ ದೌರ್ಜನ್ಯಕ್ಕ 2019ರ ಕಾಯ್ದೆಯಾಗ ಇಟ್ಟದ್ದು ಆರು ತಿಂಗಳಿಂದ ಎರಡು ವರ್ಷ. ಹೆಂಗಸಿನ ಮ್ಯಾಲೆ ಅತ್ಯಾಚಾರ ಆದ್ರ ಕಮ್ಮಿ ಅಂದ್ರೂ ಹತ್ತು ವರ್ಷ. ಒಂದ ಕೃತ್ಯಕ್ಕ ಹಿಂಗ ತೂಕ ಮಾಡೂದು ನನಗ ಸಹಿಸೂದಿಲ್ಲ.

ಕಡಲಕರೆಯವ
ನಾನು ಉಡುಪಿ ಕಡೆಯವ, ಈಗ ನೆದರ್ಲ್ಯಾಂಡ್ಸಲ್ಲಿ ಇರುವುದು ಮಾರಾಯ್ರೆ. ಇಲ್ಲಿ 2001ರ ಏಪ್ರಿಲ್ 1ರಿಂದ ಈ ಮದುವೆ ಉಂಟು, ನಾನು ನನ್ನ ಗಂಡ ಇಲ್ಲಿಯೇ ರಿಜಿಸ್ಟರ್ ಆದದ್ದು. ಊರಿಗೆ ಫ್ಲೈಟ್ ಇಳಿದ ಕೂಡ್ಲೆ ನಾನು ಅವಿವಾಹಿತ! ಅಪ್ಪನ ಜಾಗದ ಪಾಲುಪಟ್ಟಿ ಮಾಡುವಾಗ ನನ್ನ ಹೆಸರಿನ ಎದುರು ಅವಿವಾಹಿತ ಅಂತ ಬರೆದ್ರು, ನಾನು ಸಹಿ ಹಾಕಿದೆ, ಬೇರೆ ಎಂತ ಮಾಡುವುದು.
ಮೇಷ್ಟ್ರಿಗೆ ಒಂದು ಹೇಳ್ಬೇಕು ಅಂತ ಉಂಟು. ನಮ್ಮ ತುಳುನಾಡಲ್ಲಿ ಅಳಿಯಸಂತಾನ ಇತ್ತಲ್ವಾ, ಆಸ್ತಿ ಅಮ್ಮನ ಕಡೆಯಿಂದ ಇಳಿಯುವುದು, ಗಂಡನಿಗಿಂತ ಸೋದರಮಾವನದ್ದು ದೊಡ್ಡ ಮಾತು. ಅದಕ್ಕೆ 1949ರಲ್ಲಿ ಬೇರೆ ಕಾಯ್ದೆಯೇ ಇತ್ತು, 1956ರ ಉತ್ತರಾಧಿಕಾರ ಕಾಯ್ದೆಯಲ್ಲಿಯೂ 17ನೇ ಸೆಕ್ಷನ್ ಬೇರೆಯಾಗಿ ಇಟ್ಟರು. ಗಂಡ, ಹೆಂಡತಿ, ಮಕ್ಕಳು ಅಷ್ಟೇ ಕುಟುಂಬ ಅಂತ ನಮ್ಮ ಊರಲ್ಲಿಯೇ ಯಾವಾಗಲೂ ಇರಲಿಲ್ಲ, ಬೇರೆ ರೀತಿಯ ಮನೆಗಳಿಗೂ ಕಾನೂನು ಜಾಗ ಮಾಡಿ ಕೊಟ್ಟಿತ್ತು.

ಹಳೇಮೈಸೂರಿನ_ಮೇಷ್ಟ್ರು
1994ರ ತಿದ್ದುಪಡಿ ನನ್ನ ತಂಗಿಗೆ ಗೊತ್ತು, ಅವಳ ಮದುವೆ ಅದಕ್ಕೆ ಮುಂಚೆ ಆಗಿತ್ತು, ಪಾಲು ಸಿಗಲಿಲ್ಲ. ಮದುವೆ ಅನ್ನೋ ಹೆಸರೇ ಬೇಕಾ ಅನ್ನೋದ್ರಲ್ಲಿ ನನಗೆ ಇನ್ನೂ ಅನುಮಾನ ಇದೆ, ಮುಚ್ಚಿಡಲ್ಲ. ಆದ್ರೆ ಆ ರಿಜಿಸ್ಟರ್ ಪತ್ರದ ವಿಚಾರ ನ್ಯಾಯವಾಗಿದೆ. ಅದಕ್ಕೆ ಅರ್ಜಿ ಬರೆದ್ರೆ ನಾನೂ ಸಹಿ ಹಾಕ್ತೀನಿ.

ಹೆಸರು_ಬೇಡ
ಅಕ್ಕ, ನಾನು ಕೊಪ್ಪಳ ಜಿಲ್ಲೆ, ಡಿಗ್ರಿ ಮುಗದದ. ಮನ್ಯಾಗ ಗೊತ್ತಾಗೇತಿ, ಫೋನ್ ಕಸ್ಗೊಂಡಿದ್ರು, ಈಗ ಗೆಳತಿ ಫೋನಿಂದ ಬರೀತೀನಿ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸರಿ ಮಾಡಿಸ್ತೀವಿ ಅಂತಾರ. ನಾ ಮನಿ ಬಿಟ್ಟು ಹೋದ್ರ ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟು ಪೊಲೀಸರು ವಾಪಸ್ ತರ್ತಾರೇನು?

ಧಾರವಾಡದ_ವಕೀಲಿ
ತಂಗಿ, ಹೆದರಬ್ಯಾಡ, ಸಾವಕಾಶ ಓದು. ನಿನಗ ಹದಿನೆಂಟು ದಾಟೇತಿ, ಎಲ್ಲಿರಬೇಕು, ಯಾರ ಜೋಡಿ ಇರಬೇಕು ಅನ್ನೂದು ನಿನ್ನ ಹಕ್ಕು. ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ರ ಪೊಲೀಸರು ನಿನ್ನ ಹುಡುಕಬಹುದು, ಆದ್ರ ‘ನಾ ನನ್ನ ಇಚ್ಛಾದಿಂದ ಬಂದೀನಿ’ ಅಂತ ನೀ ಹೇಳಿಕೆ ಕೊಟ್ರ ಮನಿಗೆ ಎಳ್ಕೊಂಡು ಹೋಗಾಕ ಬರೂದಿಲ್ಲ. 2024ರ ಮಾರ್ಚಿನ್ಯಾಗ ದೇವು ಜಿ. ನಾಯರ್ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಎಲ್ಲಾ ಹೈಕೋರ್ಟಿಗೂ ಹೇಳೇತಿ: ಹಿಂಥ ಹುಡುಗೀನ ತಂದಿ ತಾಯಿಂದ ದೂರ ಇಟ್ಟು ಖಾಸಗಿಯಾಗಿ ಮಾತಾಡಿಸ್ರಿ, ಆಕಿ ಮಾತನ್ನ ಮುಖ್ಯ ಮಾಡ್ರಿ, ಆಕಿ ಮನಸ್ಸು ಬದಲು ಮಾಡಾಕ ಕೌನ್ಸೆಲಿಂಗಿಗೆ ಕಳಿಸಬ್ಯಾಡ್ರಿ.
ಡಾಕ್ಟರ್ ಮಾತು. ಇದು ರೋಗ ಅಲ್ಲ, ‘ಸರಿ ಮಾಡೂ’ ಚಿಕಿತ್ಸೆ ಕೊಡೂದು ಡಾಕ್ಟರಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಾಗ ಹೇಳೇತಿ. ಫೋನ್ ಕಸ್ಕೊಳ್ಳೂದು, ಕೂಡಿಹಾಕೂದು, ಹೊಡಿಯೂದು ಇದ್ರ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಗಂಡನ ಮ್ಯಾಲೆ ಅಷ್ಟ ಅಲ್ಲ, ತಂದಿ, ತಾಯಿ, ಅಣ್ಣನ ಮ್ಯಾಲೂ ನಡೀತದ, ಮಗಳು ಹಾಕಬಹುದು. ಜಿಲ್ಲಾದಾಗ ಪ್ರೊಟೆಕ್ಷನ್ ಆಫೀಸರ್ ಇರ್ತಾರ, ಮಹಿಳಾ ಸಹಾಯವಾಣಿ 181.
ಹೊರಡೂದು ಅಂತ ಆದ್ರ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಕೈಯಾಗ ಇರ್ಲಿ, ಮನಿ ಬಂಗಾರ ಮುಟ್ಟಬ್ಯಾಡ, ಕಳ್ಳತನದ ಕೇಸ್ ಹಾಕ್ತಾರ. ಹೋದ ಕೂಡ್ಲೆ ನಿಮ್ಮ ಊರಿನ ಠಾಣೆಗೂ ಎಸ್ಪಿ ಆಫೀಸಿಗೂ ನೀ ಸ್ವಂತ ಇಚ್ಛಾದಿಂದ ಬಂದದ್ದು ಅಂತ ಸ್ಪೀಡ್ ಪೋಸ್ಟ್ ಹಾಕು, ರಸೀದಿ ಕಳಕೋಬ್ಯಾಡ. ಒಬ್ಬಾಕಿನ ಹೊರಡಬ್ಯಾಡ, ನನಗ ಖಾಸಗಿ ಮೆಸೇಜ್ ಮಾಡು, ನಿಮ್ಮ ಕಡೆ ನಂಬಿಕಸ್ತ ಹೆಣ್ಮಕ್ಕಳ ಸಂಘಟನಿಯವ್ರನ್ನ ಜೋಡಿಸ್ತೀನಿ.

ಎಡೆದೊರೆ_ಚಂದ್ರಿ
ಕೊಪ್ಪಳ ನನಗ ದೂರ ಇಲ್ಲ ಮಗಳ. ನನಗೂ ಮೆಸೇಜ್ ಹಾಕು, ಇರಾಕ ಜಾಗ ಅದ, ಊಟ ಅದ.

ಲೆಡ್ಜರ್_ಲಲಿತಾ
ಅರ್ಜಿ ಅಂದ್ರಲ್ಲ ಮೇಷ್ಟ್ರು, ಬರೆಯೋಣ. ಮದುವೆ ಕಾನೂನಿಗೆ ಕಾಯದೇ ರಾಜ್ಯ ಸರ್ಕಾರ ತಾನೇ ಮಾಡಬಹುದಾದ್ದು ತುಂಬಾ ಇದೆ. ರೇಷನ್ ಕಾರ್ಡಲ್ಲಿ ಇಂಥ ಜೋಡೀನ ಒಂದೇ ಮನೆ ಅಂತ ಲೆಕ್ಕ ಹಾಕಿ ಅಂತ ಕೇಂದ್ರದ ಆಹಾರ ಇಲಾಖೆ 2024ರಲ್ಲೇ ರಾಜ್ಯಗಳಿಗೆ ಬರೆದಿದೆ, ಹತ್ತಿರದ ಸಂಬಂಧಿಕರಿಲ್ಲದಾಗ ಸಂಗಾತಿಗೆ ಮೃತದೇಹ ಕೊಡಿ ಅಂತ ಆರೋಗ್ಯ ಇಲಾಖೆನೂ ಬರೆದಿದೆ. ನಮ್ಮಲ್ಲಿ ತಾಲೂಕು ಮಟ್ಟಕ್ಕೆ ಅದನ್ನ ಆದೇಶವಾಗಿ ಇಳಿಸಬೇಕು. ದಾನಪತ್ರದ ಸ್ಟ್ಯಾಂಪ್ ಡ್ಯೂಟಿ ರಾಜ್ಯದ್ದೇ. 36ಎ ರಾಜ್ಯದ್ದೇ, ಒಂದು ಅಧಿವೇಶನದಲ್ಲಿ ತೆಗೀಬಹುದು. ಆಸ್ಪತ್ರೆಗಳ ಲೈಸೆನ್ಸ್ ರಾಜ್ಯದ್ದೇ, ಪೇಶೆಂಟ್ ಬರೆದುಕೊಟ್ಟ ವ್ಯಕ್ತೀನ ಒಪ್ಪಲೇಬೇಕು ಅಂತ ನಿಯಮ ಹಾಕ್ಬಹುದು.

ಕನ್ನಂಬಾಡಿ
ಹಳೇ ಕಾಯ್ದೆಗಳ ಭಾಗ ನಾನು ಬರೀತೀನಿ, ಕುಟುಂಬ ಪತ್ರದ ಕರಡು ವಕೀಲ್ ಮೇಡಂ ನೋಡ್ಲಿ, ಗುರು ಮನೆ ವಿಷಯ ಚಂದ್ರಿ ಅವ್ರು ಹೇಳಿದ ಹಾಗೇ ಹೋಗ್ಬೇಕು, ನಾವು ತಿದ್ದೋದು ಬೇಡ. ಉಳಿದವ್ರು ಒಂದು ಕೆಲ್ಸ ಮಾಡಿ: ನಾಡಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ಆಸ್ಪತ್ರೆ, ಪಿಎಫ್, ಎಲ್ಲಿ ಯಾವ ಫಾರ್ಮಲ್ಲಿ ನಿಮ್ಮವರ ಹೆಸರು ಬರೆಯೋಕೆ ಜಾಗ ಸಿಗಲಿಲ್ಲ ಅಂತ ಫಾರ್ಮಿನ ಹೆಸರು, ತಾಲೂಕು, ವರ್ಷ ಮಾತ್ರ ಇಲ್ಲಿ ಹಾಕಿ. ನಿಮ್ಮ ಹೆಸರಾಗಲಿ, ಆಫೀಸಿನವ್ರ ಹೆಸರಾಗಲಿ ಬೇಡ.

ಮಲ್ಲಿಗೆಮೊಗ್ಗು
ನನ್ನದು ಮೊದಲನೇದು ಬರ್ಕೊಳ್ಳಿ: ಆಪರೇಷನ್ ಒಪ್ಪಿಗೆ ಫಾರ್ಮು, ಬೆಂಗಳೂರು ದಕ್ಷಿಣ. ಎರಡನೇದು ಗ್ರೂಪ್ ಇನ್ಶೂರೆನ್ಸ್, ‘ಸ್ಪೌಸ್’ ಕಾಲಂ ಬಿಟ್ಟು ಬೇರೆ ಆಯ್ಕೆನೇ ಇರ್ಲಿಲ್ಲ. ವಿಲ್ಲಿಗೆ ಸಾಕ್ಷಿಗಳು ಸಿಕ್ಕಿದಾರೆ, ವಕೀಲ್ ಮೇಡಂ, ಫ್ಲ್ಯಾಟಿನ ಖಾತಾ ನಂಬರ್ರೂ ವಿಲ್ಲಲ್ಲಿ ಬರೀಬೇಕಾ ಅಥವಾ ಕ್ರಯಪತ್ರದ ವಿವರ ಸಾಕಾ?

ಧಾರವಾಡದ_ವಕೀಲಿ
ಎರಡೂ ಬರೀ.